ಪೈಲೊನೈಡಲ್ ಸೈನಸ್: ಶಸ್ತ್ರಚಿಕಿತ್ಸಾ ವಿಧಾನಗಳ ತೌಲನಿಕ ವಿವೇಚನೆ

ಪೀಠಿಕೆ

ನಿತಂಬಗಳ ನಡುವಿನ ಸಂದಿನಲ್ಲಿ, ಬಾಲಮೂಳೆಯ ಆಸುಪಾಸಿನಲ್ಲಿ ಒಂದೋ ಎರಡೋ ಸಣ್ಣ ರಂಧ್ರ. ಆಗಾಗ ಒಸರುವ ಕೀವು. ಒಳಗೆ ಸಿಕ್ಕಿಕೊಂಡ ಕೂದಲು. ಪೈಲೊನೈಡಲ್ ಸೈನಸ್‌ನ ಮುಖ್ಯ ಲಕ್ಷಣಗಳಿವು. ತರುಣರಲ್ಲಿ, ಅದರಲ್ಲೂ ಗಂಡಸರಲ್ಲಿ ಇದು ಹೆಚ್ಚು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರನ್ನು ಇದು ಎಷ್ಟು ಕಾಡಿತೆಂದರೆ 1944ರಲ್ಲಿ ವೈದ್ಯ ಲೂಯಿ ಬ್ಯೂಯಿ ಇದನ್ನು 'ಜೀಪ್ ರೋಗ' ಎಂದೇ ಕರೆದರು. ಪ್ರಾಣಾಪಾಯವಿಲ್ಲದ ಈ ಕಾಯಿಲೆಯ ನಿಜವಾದ ಸಂಕಟ ಅದು ಮರುಕಳಿಸುವುದರಲ್ಲಿದೆ. ಆದ್ದರಿಂದ ಗಾಯ ಎಷ್ಟು ಬೇಗ ಮಾಯಿತು ಎಂಬುದಕ್ಕಿಂತ ಹೊಲಿಗೆ ಎಲ್ಲಿ ಬಿತ್ತು, ರೋಗಿಯನ್ನು ಎಷ್ಟು ವರ್ಷ ಗಮನಿಸಲಾಯಿತು ಎಂಬುವೇ ಚಿಕಿತ್ಸೆಯ ಅಳತೆಗೋಲಾಗಬೇಕು ಎಂಬುದು ಈ ಲೇಖನದ ವಾದ.

ರೋಗಕಾರಣ

ಇದು ಹುಟ್ಟಿನಿಂದಲೇ ಬಂದ ದೋಷವೆಂದು ನಂಬಿದ್ದ ಕಾಲದಲ್ಲಿ ಮೂಳೆಯ ಮೇಲಿನ ಪೊರೆಯವರೆಗೂ ಮಾಂಸವನ್ನು ಕತ್ತರಿಸಿ ತೆಗೆಯುತ್ತಿದ್ದರು. 1946ರಲ್ಲಿ ವೈದ್ಯರಾದ ಪೇಟಿ ಮತ್ತು ಸ್ಕಾರ್ಫ್ ಇದು ಹೊರಗಿನಿಂದ ಚುಚ್ಚಿಕೊಂಡ ಕೂದಲಿನ ಫಲವೆಂದು ವಾದಿಸಿದರು. ಗಿರಾಕಿಗಳ ಕೂದಲು ಹೊಕ್ಕು ಕ್ಷೌರಿಕರ ಬೆರಳ ಸಂದಿನಲ್ಲೂ ಇಂಥದೇ ಸೈನಸ್ ಆಗುವುದು ಈ ವಾದಕ್ಕೆ ಬಲ ಕೊಟ್ಟಿತು. ಗ್ರೀಸಿನ ಶಸ್ತ್ರವೈದ್ಯ ಕರಿಡಾಕಿಸ್ ಮೂರು ಅಂಶಗಳನ್ನು ಗುರುತಿಸಿದರು: ಉದುರಿದ ಕೂದಲು, ಅದನ್ನು ಒಳತಳ್ಳುವ ಬಲ, ತಡೆದುಕೊಳ್ಳಲಾರದ ಚರ್ಮ. ಆಳವಾದ ಸಂದು ಹಾಗೆಯೇ ಉಳಿದರೆ ಈ ಮೂರೂ ಉಳಿಯುತ್ತವೆ.

ವಿಧಾನಗಳ ಹೋಲಿಕೆ

ರೋಗದ ಭಾಗ ಕತ್ತರಿಸಿ ಗಾಯವನ್ನು ತೆರೆದೇ ಬಿಡುವುದು ಸರಳ. ಆದರೆ ಅದು ತಳದಿಂದ ತುಂಬಿ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಅಲ್ಲಿಯವರೆಗೂ ಡ್ರೆಸ್ಸಿಂಗ್ ತಪ್ಪುವುದಿಲ್ಲ. ಸಂದಿನ ನಡುಗೆರೆಯಲ್ಲೇ ಹೊಲಿದರೆ ಗಾಯ ಬೇಗ ಕೂಡುತ್ತದೆ. ಆದರೆ ಹೊಲಿಗೆ ಬೆವರು ಮತ್ತು ಎಳೆತ ಹೆಚ್ಚಿರುವ ಜಾಗದಲ್ಲೇ ಕೂರುತ್ತದೆ.

ಕರಿಡಾಕಿಸ್ ವಿಧಾನದಲ್ಲಿ ಒಂದು ಬದಿಗೆ ಸರಿದಂತೆ ಅಂಡಾಕಾರದಲ್ಲಿ ಕತ್ತರಿಸಿ, ಎದುರು ಬದಿಯ ಚರ್ಮವನ್ನು ಎಳೆದು ನಡುಗೆರೆಯಿಂದ ಆಚೆ ಹೊಲಿಯುತ್ತಾರೆ. ಬ್ಯಾಸ್ಕಮ್ಮರ ವಿಧಾನವೂ ಹೊಲಿಗೆಯನ್ನು ಪಕ್ಕಕ್ಕೆ ಸರಿಸಿ ಸಂದಿನ ಆಳವನ್ನು ತಗ್ಗಿಸುತ್ತದೆ. ಲಿಂಬರ್ಗ್ ವಿಧಾನದಲ್ಲಿ 60 ಮತ್ತು 120 ಡಿಗ್ರಿ ಕೋನಗಳ ವಜ್ರಾಕೃತಿಯಲ್ಲಿ ರೋಗದ ಭಾಗ ತೆಗೆದು, ಪಕ್ಕದ ನಿತಂಬದಿಂದ ಅದೇ ಅಳತೆಯ ಫ್ಲ್ಯಾಪ್ (ಬುಡ ಬಿಡಿಸದ ಚರ್ಮದ ತುಂಡು) ತಿರುಗಿಸಿ ಕೂರಿಸುತ್ತಾರೆ. ಅದರ ಕೆಳತುದಿ ನಡುಗೆರೆಯಲ್ಲೇ ನಿಂತರೆ ರೋಗ ಅಲ್ಲಿಂದಲೇ ಮತ್ತೆ ತಲೆಯೆತ್ತಬಹುದು. ಪರಿಷ್ಕೃತ ಲಿಂಬರ್ಗ್‌ನಲ್ಲಿ ಆ ತುದಿಯನ್ನೂ ಬದಿಗೆ ಸರಿಸಲಾಗುತ್ತದೆ. ಫ್ಲ್ಯಾಪ್‌ನ ಕಲೆ ದೊಡ್ಡದು, ಸ್ಪರ್ಶಜ್ಞಾನವೂ ಕೊಂಚ ಕುಗ್ಗಬಹುದು. ರೋಗ ಚಿಕ್ಕದಿದ್ದರೆ ರಂಧ್ರಗಳನ್ನಷ್ಟೇ ಕತ್ತರಿಸುವುದು, ಫೀನಾಲ್, ಎಂಡೋಸ್ಕೋಪ್ ಮೊದಲಾದ ಕಿರುಚಿಕಿತ್ಸೆಗಳಿವೆ. ಇವುಗಳಲ್ಲಿ ನೋವು ಕಡಿಮೆ, ಮರುಕಳಿಕೆಯ ಸಂಭವ ಹೆಚ್ಚು.

ಸಾಕ್ಷ್ಯಾಧಾರ

26 ಅಧ್ಯಯನಗಳನ್ನು ಒರೆಗೆ ಹಚ್ಚಿದ 2010ರ ಕಾಕ್ರೇನ್ ವಿಮರ್ಶೆ, ಹೊಲಿಯುವುದೇ ಆದರೆ ನಡುಗೆರೆಯಿಂದ ಆಚೆ ಹೊಲಿಯುವುದೇ ಲೇಸೆಂದಿತು. 740 ಅಧ್ಯಯನಗಳನ್ನು ಒಗ್ಗೂಡಿಸಿದ 2018ರ ವಿಶ್ಲೇಷಣೆಯಲ್ಲಿ 24 ತಿಂಗಳ ಮರುಕಳಿಕೆ ಕರಿಡಾಕಿಸ್–ಬ್ಯಾಸ್ಕಮ್ ಗುಂಪಿನಲ್ಲಿ ಶೇ. 0.6, ಲಿಂಬರ್ಗ್ ಗುಂಪಿನಲ್ಲಿ ಶೇ. 1.8. ನಡುಗೆರೆ ಹೊಲಿಗೆಯಲ್ಲಿ 240 ತಿಂಗಳಿಗೆ ಅದು ಶೇ. 67.9ರವರೆಗೆ ಏರಿತ್ತು. ಹೀಗಾಗಿ ಒಂದೇ ವರ್ಷ ಗಮನಿಸಿ ಯಶಸ್ಸು ಘೋಷಿಸುವ ವರದಿಗಳನ್ನು ಎಚ್ಚರದಿಂದ ಓದಬೇಕು.

ಉಪಸಂಹಾರ

ಎಲ್ಲರಿಗೂ ಒಪ್ಪುವ ಒಂದೇ ವಿಧಾನವಿಲ್ಲ. ಚಿಕ್ಕ ರೋಗಕ್ಕೆ ಕಿರುಚಿಕಿತ್ಸೆ, ಹರಡಿದ ಇಲ್ಲವೆ ಮರುಕಳಿಸಿದ ರೋಗಕ್ಕೆ ಪಕ್ಕಕ್ಕೆ ಸರಿಸಿದ ಹೊಲಿಗೆ ಇಲ್ಲವೆ ಫ್ಲ್ಯಾಪ್ ಸೂಕ್ತ. ಇವುಗಳ ನಡುವಿನ ಆಯ್ಕೆ ಶಸ್ತ್ರವೈದ್ಯರ ಪಳಗಿದ ಕೈಯನ್ನು ಅವಲಂಬಿಸಿದೆ. ಆದರೆ ನಡುಗೆರೆಯ ಹೊಲಿಗೆಯನ್ನು ಇನ್ನು ಕೈಬಿಡಲೇಬೇಕು.