ಎಂಡೋಸಲ್ಫಾನ್ ತಾಗಿದ ಮಣ್ಣು: ಶುದ್ಧೀಕರಣದ ದಾರಿಗಳು

ಕಾಸರಗೋಡು ಜಿಲ್ಲೆಯ ಗೇರು ತೋಟಗಳಲ್ಲಿ ಟೀ ಸೊಳ್ಳೆ ಎಂಬ ಕೀಟದ ಹತೋಟಿಗಾಗಿ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಈ ತೋಟಗಳು ಗುಡ್ಡಗಳ ಮೇಲಿದ್ದರೆ, ಮನೆ, ಶಾಲೆ, ಬಾವಿ, ಸುರಂಗ, ತೋಡುಗಳು ತಗ್ಗಿನಲ್ಲಿದ್ದವು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ ಮೊದಲಾದ ಬಾಧಿತ ಪಂಚಾಯತುಗಳಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಗಣನೀಯ ಸಂಖ್ಯೆಯಲ್ಲಿದ್ದಾರೆ. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಈ ಕೀಟನಾಶಕವನ್ನು ನಿಷೇಧಿಸಿತು. ಸಿಂಪಡಣೆ ನಿಂತಿತು, ಆದರೆ ಮಣ್ಣಿನ ಪ್ರಶ್ನೆ ಉಳಿಯಿತು.

ಮಣ್ಣಿನಲ್ಲಿ ಏನಾಗುತ್ತದೆ?

ಎಂಡೋಸಲ್ಫಾನ್ ಆಲ್ಫಾ ಮತ್ತು ಬೀಟಾ ಎಂಬ ಎರಡು ರೂಪಗಳ ಮಿಶ್ರಣ. ಆಲ್ಫಾ ಬೇಗ ಕರಗಿಹೋಗುತ್ತದೆ, ಬೀಟಾ ನಿಧಾನ. ಸೂಕ್ಷ್ಮಜೀವಿಗಳ ಕ್ರಿಯೆಯಿಂದ ಇವು ಎಂಡೋಸಲ್ಫಾನ್ ಸಲ್ಫೇಟ್ ಆಗಿ ಮಾರ್ಪಡುತ್ತವೆ. ಇದು ಮೂಲ ವಸ್ತುವಿನಷ್ಟೇ ವಿಷಕಾರಿ, ಬಾಳಿಕೆಯೂ ಹೆಚ್ಚು. ಸಲ್ಫೇಟ್ ಸೇರಿದಂತೆ ಒಟ್ಟು ವಿಷಶೇಷವು ಅರ್ಧಕ್ಕೆ ಇಳಿಯಲು ಮಣ್ಣಿನ ಗುಣಕ್ಕನುಸಾರ ಸುಮಾರು 9 ತಿಂಗಳಿಂದ 6 ವರ್ಷಗಳವರೆಗೆ ಬೇಕಾಗುತ್ತದೆ. ಇದು ನೀರಿನಲ್ಲಿ ಅಷ್ಟಾಗಿ ಕರಗದೆ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತದೆ. ಆದುದರಿಂದ ಮಳೆಗಾಲದಲ್ಲಿ ಕೊಚ್ಚಿಹೋಗುವ ಮಣ್ಣಿನೊಂದಿಗೇ ವಿಷವೂ ತೋಡು, ಕೆರೆಗಳ ಹೂಳನ್ನು ಸೇರುತ್ತದೆ.

ಹೀಗಾಗಿ ದಶಕಗಳ ನಂತರ ಇಡೀ ಗುಡ್ಡವನ್ನು ಸಮಾನವಾಗಿ ಶಂಕಿಸಬೇಕಿಲ್ಲ. ಔಷಧ ಬೆರೆಸಿದ, ಚೆಲ್ಲಿದ, ದಾಸ್ತಾನಿರಿಸಿದ ಸ್ಥಳಗಳೇ ಮುಖ್ಯ. ಪೆರಿಯ, ರಾಜಪುರಂ, ಚೀಮೇನಿಗಳ ಗೋದಾಮುಗಳಲ್ಲಿ ಸಿಂಪಡಣೆಯ ಬಳಿಕವೂ ದಾಸ್ತಾನು ಉಳಿದಿತ್ತು. 2012ರಲ್ಲಿ ಸೋರುವ ಬ್ಯಾರೆಲುಗಳಿಂದ ಹೊಸ ಬ್ಯಾರೆಲುಗಳಿಗೆ ಅದನ್ನು ವರ್ಗಾಯಿಸುವ ಕಾರ್ಯ ಆರಂಭವಾಯಿತು.

ಶುದ್ಧೀಕರಣದ ವಿಧಾನಗಳು

ಅಗೆದು ಸಾಗಿಸುವುದು: ವಿಷ ಸಾಂದ್ರವಾಗಿರುವ ಸಣ್ಣ ಜಾಗಕ್ಕೆ ಸೂಕ್ತ. ಅಗೆದ ಮಣ್ಣನ್ನು ಅತ್ಯುಷ್ಣ ಕುಲುಮೆಯಲ್ಲಿ ಸಂಸ್ಕರಿಸಬೇಕು ಅಥವಾ ಭದ್ರಪಡಿಸಿದ ಗುಂಡಿಯಲ್ಲಿ ಇರಿಸಬೇಕು. ಊರಿನ ಪಾಳುಬಾವಿಗೆ ಸುರಿಯುವುದು ಶುದ್ಧೀಕರಣವಲ್ಲ, ಸ್ಥಳಾಂತರ ಮಾತ್ರ.

ಸುಣ್ಣ: ಕ್ಷಾರೀಯ ಸ್ಥಿತಿಯಲ್ಲಿ ಎಂಡೋಸಲ್ಫಾನ್ ಒಡೆದು ಕಡಿಮೆ ವಿಷದ ಡಯೋಲ್ ಆಗುತ್ತದೆ. ನಮ್ಮ ಮುರಕಲ್ಲಿನ ಮಣ್ಣು ಆಮ್ಲೀಯವಾದುದರಿಂದ ಈ ಕ್ರಿಯೆ ತಾನಾಗಿ ನಿಧಾನ. ಸುಣ್ಣ ಸಹಾಯಕ, ಆದರೆ ಅತಿಯಾದರೆ ಬೆಳೆಗೆ ಹಾನಿ.

ಜೈವಿಕ ವಿಧಾನ: ವಿಷವನ್ನು ಒಡೆಯಬಲ್ಲ ಬ್ಯಾಕ್ಟೀರಿಯಾ, ಶಿಲೀಂಧ್ರಗಳಿಗೆ ಕಾಂಪೋಸ್ಟ್, ತೇವ, ಗಾಳಿ ಒದಗಿಸಿ ಅವುಗಳ ಕೆಲಸವನ್ನು ಚುರುಕುಗೊಳಿಸುವುದು. ವೆಚ್ಚ ಕಡಿಮೆ, ಕಾಲ ಹೆಚ್ಚು. ವಿಷವು ಸಲ್ಫೇಟ್ ಆಗಿ ಉಳಿದಿದೆಯೇ ಎಂದು ನಡುನಡುವೆ ಪರೀಕ್ಷಿಸಬೇಕು.

ಬಂಧಿಸುವುದು: ಇದ್ದಿಲು ಬೆರೆಸಿದರೆ ವಿಷವು ಅದಕ್ಕೆ ಅಂಟಿ ಗಿಡಗಳಿಗೆ ದೊರೆಯುವುದು ಕಡಿಮೆಯಾಗುತ್ತದೆ, ವಿಷ ನಾಶವಾಗುವುದಿಲ್ಲ.

ಪೋಷಕರು ತಿಳಿಯಬೇಕಾದುದು

ಕೃಷಿ ಕಚೇರಿಯ ಸಾಮಾನ್ಯ ಮಣ್ಣು ಪರೀಕ್ಷೆಯು ಆಮ್ಲೀಯತೆ, ಸಾರಜನಕ, ರಂಜಕ, ಪೊಟ್ಯಾಶ್‌ಗಳನ್ನು ಅಳೆಯುತ್ತದೆಯೇ ಹೊರತು ಕೀಟನಾಶಕವನ್ನಲ್ಲ. ಅದಕ್ಕೆ ಗ್ಯಾಸ್ ಕ್ರೊಮಾಟೋಗ್ರಫಿ ಸೌಲಭ್ಯವಿರುವ ಪ್ರಯೋಗಾಲಯವೇ ಬೇಕು. ಆಲ್ಫಾ, ಬೀಟಾ, ಸಲ್ಫೇಟ್ ಮೂರನ್ನೂ ಪರೀಕ್ಷಿಸುವಂತೆ ಬರೆದು ಕೇಳಿರಿ. ತೋಡಿನ ಹೂಳಿನ ಮಾದರಿಯನ್ನೂ ಸೇರಿಸಿರಿ. ಹಳೆಯ ಗೋದಾಮು, ಔಷಧ ಬೆರೆಸಿದ ಜಾಗಗಳಿಗೆ ಮಕ್ಕಳನ್ನು ಕಳುಹಿಸಬೇಡಿರಿ. ಅಲ್ಲಿಯ ಡಬ್ಬ, ಬ್ಯಾರೆಲುಗಳನ್ನು ಮನೆಗೆ ತರಬೇಡಿರಿ. ಗೆಡ್ಡೆ ತರಕಾರಿಗಳನ್ನು ಮಣ್ಣು ಹೋಗುವಂತೆ ತೊಳೆದು ಸಿಪ್ಪೆ ತೆಗೆಯಿರಿ.

ಕೊನೆಯದಾಗಿ ಒಂದು ಹಕ್ಕಿನ ಮಾತು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಸರಕಾರದೊಂದಿಗೆ ಕನ್ನಡದಲ್ಲಿಯೇ ಪತ್ರವ್ಯವಹಾರ ನಡೆಸಿ, ಕನ್ನಡದಲ್ಲಿಯೇ ಉತ್ತರ ಪಡೆಯಬಹುದು. ಮಣ್ಣಿನ ವರದಿ ಓದಲಾಗದ ಭಾಷೆಯಲ್ಲಿ ಬಂದರೆ ಅದು ಬಾರದಿದ್ದಂತೆಯೇ. ಅರ್ಜಿಯನ್ನು ಕನ್ನಡದಲ್ಲಿ ಬರೆಯಿರಿ. ಉತ್ತರವನ್ನೂ ಕನ್ನಡದಲ್ಲಿ ಕೇಳಿರಿ.