ಕೊಂಕಣಿಯ ಋಣ

ಫಾತೋರ್ಡಾದ ಓಣಿಗಳಲ್ಲಿ ಬೆಳಗಾಗುವುದು ಪೊದೇರನ ಸೈಕಲ್ಲಿನ ಹಾರನ್ನಿನೊಂದಿಗೆ. ಆ ಸದ್ದಿಗೆ ಬಾಗಿಲು ತೆರೆದು ಬಿಸಿ ಪಾಂವ್ ಕೊಳ್ಳುವ ಮನೆಗಳಲ್ಲಿ ಧಾರವಾಡ, ಗದಗ, ವಿಜಯಪುರ, ಕೊಪ್ಪಳಗಳ ಕಡೆಯಿಂದ ಬಂದು ನೆಲೆಸಿದ ನಮ್ಮ ಮನೆಗಳೂ ಇವೆ. ನಮ್ಮಲ್ಲಿ ಬಹಳ ಮಂದಿ ಕೊಂಕಣಿಯನ್ನು ಕಲಿತದ್ದು ಪಾಠಶಾಲೆಯಲ್ಲಲ್ಲ, ಇಂತಹ ಬಾಗಿಲುಗಳಲ್ಲಿ ಮತ್ತು ಮಡಗಾಂವದ ಮೀನುಪೇಟೆಯಲ್ಲಿ. 2011ರ ಜನಗಣತಿಯಂತೆ ಗೋವೆಯ ನೂರು ಜನರಲ್ಲಿ ನಾಲ್ಕೈದು ಮಂದಿಯ ಮಾತೃಭಾಷೆ ಕನ್ನಡ. ಇಷ್ಟು ಜನ ಇನ್ನೊಂದು ನುಡಿಯ ನೆರಳಿನಲ್ಲಿ ಬದುಕು ಕಟ್ಟಿಕೊಂಡ ಬಗೆ ಚರಿತ್ರೆಯ ವಿಷಯವೇ ಸರಿ.

ಗೋವೆಯ ಚರಿತ್ರೆಯನ್ನು ನೆನೆಯುವಾಗ ನಮ್ಮ ಸಭೆಗಳಲ್ಲಿ ಮೊದಲು ಬರುವ ಹೆಸರು ಕದಂಬರದು. ಮಡಗಾಂವಕ್ಕೆ ದೂರವಲ್ಲದ ಚಾಂದೋರ್ ಅವರ ಚಂದ್ರಪುರ. ಮಾಂಡೋವಿ, ಜುವಾರಿಗಳ ನಡುವಣ ಗೋವಾ ವೆಲ್ಹಾ ಅವರ ಗೋಪಕಪಟ್ಟಣ. ಆ ಅರಸರು ಕನ್ನಡದಲ್ಲಿ ಶಾಸನಗಳನ್ನು ಬರೆಯಿಸಿದರು. ಇದು ಅಭಿಮಾನದ ಸಂಗತಿ. ಆದರೆ ಎಂಟುನೂರು ವರ್ಷಗಳ ಹಿಂದಿನ ಕಲ್ಲುಬರಹ ಇಂದಿನ ನೆರೆಯವರೊಡನೆ ಮಾತಾಡಲು ನೆರವಾಗುವುದಿಲ್ಲ. ನಾವು ನೆನೆಯಬೇಕಾದ ಇನ್ನೊಂದು ಚರಿತ್ರೆಯಿದೆ.

1510ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು. ಆ ಶತಮಾನದಲ್ಲಿಯೇ ಸಾಷ್ಟಿಯ ದೇವಾಲಯಗಳು ನೆಲಸಮವಾದವು. ಮಡಗಾಂವದ ದಾಮೋದರನನ್ನು ಭಕ್ತರು ಜಾಂಬಾವಲಿಗೆ ಒಯ್ದರು. 1560ರಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ ಸ್ಥಾಪನೆಗೊಂಡಿತು. 1684ರಲ್ಲಿ ಹೊರಟ ಆಜ್ಞೆಯೊಂದು, ಮೂರು ವರ್ಷಗಳೊಳಗೆ ಜನರು ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸ್ ಆಡಬೇಕೆಂದು ವಿಧಿಸಿತು. ಈ ಕಾಲದಲ್ಲಿ ಸಾರಸ್ವತರೂ ಕ್ರೈಸ್ತರೂ ತಂಡತಂಡವಾಗಿ ದಕ್ಷಿಣಕ್ಕೆ ನಡೆದರು. ಅಂಕೋಲೆ, ಕುಮಟೆ, ಭಟ್ಕಳ, ಕುಂದಾಪುರ, ಮಂಗಳೂರುಗಳು ಅವರಿಗೆ ಆಶ್ರಯವಾದವು. ಕೆಳದಿಯ ನಾಯಕರ ನಾಡಿನಲ್ಲಿ ಅವರಿಗೆ ಉಳಲು ನೆಲ ದೊರೆಯಿತು. ಮನೆಯೊಳಗೆ ಕೊಂಕಣಿಯನ್ನು ಉಳಿಸಿಕೊಂಡೇ ಅವರು ಅಂಗಡಿಗೆ, ಶಾಲೆಗೆ, ಕಚೇರಿಗೆ ಬೇಕಾದ ಕನ್ನಡವನ್ನು ಕಲಿತರು. ತಮ್ಮ ನುಡಿಯನ್ನು ಬರೆಯಲೂ ಕನ್ನಡ ಲಿಪಿಯನ್ನೇ ಆರಿಸಿಕೊಂಡರು.

ಆ ಕಲಿಕೆಯ ಫಲ ನಮಗೆ ದಕ್ಕಿದೆ. ಮಕ್ಕಳ ಪದ್ಯಗಳಿಂದ ಮನೆಮಾತಾದ, 1934ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಪಂಜೆ ಮಂಗೇಶರಾಯರು. 1949ರಲ್ಲಿ ರಾಷ್ಟ್ರಕವಿಯೆಂಬ ಗೌರವ ಪಡೆದ ಮಂಜೇಶ್ವರ ಗೋವಿಂದ ಪೈಗಳು. 1998ರಲ್ಲಿ ಜ್ಞಾನಪೀಠವನ್ನು ತಂದ ಗಿರೀಶ ಕಾರ್ನಾಡರು: ಇವರೆಲ್ಲರ ಮನೆಮಾತು ಕೊಂಕಣಿ. ಗೋವೆಯನ್ನು ತೊರೆದವರ ಸಂತತಿ ಕನ್ನಡವನ್ನು ಕಲಿಯದಿದ್ದರೆ ನಮ್ಮ ಸಾಹಿತ್ಯ ಎಷ್ಟು ಬಡವಾಗಿರುತ್ತಿತ್ತು!

ನಮ್ಮ ಹಿರಿಯರು ಬಂದದ್ದು ಎದುರು ದಿಕ್ಕಿನಿಂದ. 1888ರಲ್ಲಿ ಮುರಗಾಂವ ಬಂದರಿನಿಂದ ಕ್ಯಾಸಲ್‌ರಾಕ್‌ವರೆಗೆ ರೈಲುಮಾರ್ಗ ತೆರೆದು, ಬಯಲುಸೀಮೆಗೂ ಕಡಲಿಗೂ ನಂಟು ಬೆಳೆಯಿತು. ಆದರೂ ಗೋವೆ ಪರದೇಶವೇ ಆಗಿತ್ತು. ಗಡಿಯಲ್ಲಿ ಸುಂಕದವರ ತಪಾಸಣೆ. 1950ರ ದಶಕದ ನಡುವಿನಲ್ಲಿ ಆ ದಾರಿಯೂ ಮುಚ್ಚಿತು. 1961ರ ಡಿಸೆಂಬರ್ 19ರ ವಿಮೋಚನೆಯ ಬಳಿಕ ಗಡಿ ಅಳಿಯಿತು. ಗಣಿ, ಬಂದರು, ರಸ್ತೆ, ಕಟ್ಟಡಗಳ ಕೆಲಸ ನಮ್ಮವರನ್ನು ಕರೆಯಿತು. ರಾಜ್ಯದ ಗಡಿ ಅಳಿದರೂ ಮಾತಿನ ಗಡಿ ಉಳಿಯಿತು. ಘಟ್ಟದ ಮೇಲಿನವರನ್ನು 'ಘಾಂಟಿ' ಎಂದು ಹಗುರವಾಗಿ ಕರೆಯುವ ರೂಢಿಯ ನೋವನ್ನು ನಾವು ಬಲ್ಲೆವು. ಅದಕ್ಕೆ ಮುನಿಸಿನ ಉತ್ತರ ಕೊಟ್ಟವರಿದ್ದಾರೆ. ಮೆಲ್ಲಗೆ ಕೊಂಕಣಿಯಲ್ಲಿಯೇ ಉತ್ತರಿಸಿದವರಿಗೆ ಮಾತ್ರ ಎದುರಿನವರ ಮುಖಭಾವ ಬದಲಾದದ್ದು ಕಂಡಿದೆ.

ಕಲಿಯುವವರಿಗೆ ಅರ್ಧ ದಾರಿ ಮೊದಲೇ ಸವೆದಿದೆ. ಉತ್ತರ ಕರ್ನಾಟಕದ ದುಡಿಯುವವನು ಕೇಳುವ ಪಗಾರ, ಮನೆಗೆ ಹಾಕುವ ಚಾವಿ, ಸಂತೆಯಲ್ಲಿ ಕೊಳ್ಳುವ ಬಟಾಟೆ ಮೂರೂ ಪೋರ್ಚುಗೀಸಿನಿಂದ ಬಂದವು, ಮೂರೂ ಕೊಂಕಣಿಯಲ್ಲಿವೆ. 'ನನಗೆ ಬೇಕು' ಎಂಬ ನಮ್ಮ ವಾಕ್ಯದ ಅಚ್ಚಿನಲ್ಲಿಯೇ 'ಮ್ಹಾಕಾ ಜಾಯ್' ನಿಂತಿದೆ. ಹವ್ಯಕ ಕನ್ನಡದಲ್ಲಿ 'ಅಕ್ಕ ಬಂತು' ಎನ್ನುವಂತೆ, ಕೊಂಕಣಿಯಲ್ಲಿಯೂ ಎಳೆಯ ಹೆಣ್ಣುಮಗಳನ್ನು ನಪುಂಸಕಲಿಂಗದಲ್ಲಿ ಕರೆಯುತ್ತಾರೆ. ತೊಡಕಿರುವುದು ಜಡವಸ್ತುಗಳ ಲಿಂಗದಲ್ಲಿ. ನಮಗೆ ದಿನ, ದಾರಿ, ಮನೆ ಎಲ್ಲವೂ 'ಅದು'. ಅವರಿಗೆ 'ಬರೊ ದೀಸ್', 'ಬರಿ ವಾಟ್', 'ಬರೆಂ ಘರ್': ದಿನ ಗಂಡು, ದಾರಿ ಹೆಣ್ಣು, ಮನೆ ಮಾತ್ರ ನಪುಂಸಕ. ಇಲ್ಲಿ ನಾವು ತಪ್ಪುತ್ತೇವೆ. ನಮ್ಮ ಮಕ್ಕಳು ತಿದ್ದುತ್ತಾರೆ. ದೇವನಾಗರಿಯಲ್ಲಿ ತಡವರಿಸುವವರಿಗೆ ಮಂಗಳೂರಿನಿಂದ 1938ರಲ್ಲಿ ಹೊರಟ 'ರಾಕ್ಣೊ' ಪತ್ರಿಕೆಯಂತಹ ಕನ್ನಡ ಲಿಪಿಯ ಕೊಂಕಣಿ ಬರಹಗಳು ಏಣಿಯಾಗಬಲ್ಲವು. ಅಲ್ಲಿಯ ಕೊಂಕಣಿಗೂ ಇಲ್ಲಿಯದಕ್ಕೂ ವ್ಯತ್ಯಾಸವುಂಟು. ಏಣಿಗೆ ಅಷ್ಟು ಸಾಕು.

ಈ ನುಡಿ ತನ್ನ ನೆಲದಲ್ಲಿಯೂ ಸುಲಭವಾಗಿ ಗೌರವ ಪಡೆದದ್ದಲ್ಲ. ಕೊಂಕಣಿ ಸ್ವತಂತ್ರ ಭಾಷೆಯೇ ಎಂದು ಪ್ರಶ್ನಿಸಿದವರಿದ್ದ ಕಾಲದಲ್ಲಿ ಶಣೈ ಗೋಂಯಬಾಬ್ ಅದಕ್ಕಾಗಿ ಬಾಳು ಸವೆಸಿದರು. 1987ರ ಫೆಬ್ರವರಿ 4ರಂದು ರಾಜ್ಯಭಾಷಾ ಕಾಯಿದೆ ಅಂಗೀಕಾರವಾಗುವ ಮುನ್ನ ನಡೆದ ಚಳವಳಿಯಲ್ಲಿ ಪ್ರಾಣ ತೆತ್ತವರಿದ್ದಾರೆ. 1992ರಲ್ಲಿ ಕೊಂಕಣಿ ಸಂವಿಧಾನದ ಎಂಟನೆಯ ಅನುಸೂಚಿಯನ್ನು ಸೇರಿತು. ಇಷ್ಟು ಬೆಲೆ ತೆತ್ತವರ ನುಡಿಯನ್ನು ಕೇವಲ ಪೇಟೆಯ ಚೌಕಾಶಿಗೆ ಬಳಸಿ ನಿಲ್ಲುವುದು ನಮಗೆ ಶೋಭಿಸದು. ರವೀಂದ್ರ ಕೇಳೇಕರರನ್ನೂ ನಮ್ಮ ನೆರೆಯ ಮಾಜೋರ್ಡಾದ ದಾಮೋದರ ಮಾವಜೊ ಅವರನ್ನೂ ಅವರ ಮಾತಿನಲ್ಲಿಯೇ ಓದುವ ಮಟ್ಟಕ್ಕೆ ನಾವು ಏರಬೇಕು.

ಕೊಂಕಣಿ ಕಲಿತರೆ ಕನ್ನಡ ಕಳೆದೀತೆಂಬ ಅಳುಕು ನಮ್ಮ ಹಿರಿಯರಲ್ಲಿದೆ. ಮಕ್ಕಳು ಅಜ್ಜಿಗೆ ಕೊಂಕಣಿಯಲ್ಲಿ ಉತ್ತರಿಸುವ ಮನೆಗಳಿರುವಾಗ ಆ ಅಳುಕನ್ನು ಹುಸಿಯೆನ್ನಲಾಗದು. ಆದರೆ ಕರಾವಳಿಗೆ ಹೋದ ಕೊಂಕಣಿಗರು ಇಷ್ಟು ಶತಮಾನಗಳ ಬಳಿಕವೂ ಮನೆಯಲ್ಲಿ ಕೊಂಕಣಿ ಆಡುತ್ತಾರೆ. ಕನ್ನಡ ಕಲಿತದ್ದರಿಂದ ಅದನ್ನು ಕಳೆದುಕೊಳ್ಳಲಿಲ್ಲ. ಅವರು ಉಳಿಸಿಕೊಂಡದ್ದು ಮನೆಯೊಳಗೆ ದಿನವೂ ಆಡಿದ್ದರಿಂದ. ನಮ್ಮ ಕೆಲಸವೂ ಅದೇ: ಅಜ್ಜಿಯ ಬಳಿ ಕನ್ನಡ, ಪೊದೇರನ ಬಳಿ ಕೊಂಕಣಿ. ಅವರ ಪೂರ್ವಜರು ನಮ್ಮ ನಾಡಿನಲ್ಲಿ ಮಾಡಿದ್ದನ್ನು ಅವರ ನಾಡಿನಲ್ಲಿ ನಾವು ಮಾಡಿದರೆ, ಹಳೆಯ ಋಣ ಸ್ವಲ್ಪವಾದರೂ ಸಂದೀತು.