ಡೂಮ್‌ಗೆ ಬಿದ್ದ ಕತ್ತರಿ

1993ರ ಡಿಸೆಂಬರ್‌ನಲ್ಲಿ ಅಮೆರಿಕದ ಐಡಿ ಸಾಫ್ಟ್‌ವೇರ್ ಬಿಡುಗಡೆ ಮಾಡಿದ 'ಡೂಮ್', ಪಿಸಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದ ಶೂಟರ್ ಗೇಮ್. ಅದಕ್ಕೆ ಕನಿಷ್ಠ 4 ಎಂಬಿ ರ್‍ಯಾಮ್ ಬೇಕಿತ್ತು. ಆಗ ಮನೆಮನೆಯ ಟಿವಿಗೆ ಸಿಕ್ಕಿಸಿಕೊಂಡಿದ್ದ ಸೂಪರ್ ನಿಂಟೆಂಡೊದ ಮುಖ್ಯ ರ್‍ಯಾಮ್ 128 ಕೆಬಿ, ಅಂದರೆ ಅದರ 32ರಲ್ಲಿ ಒಂದು ಪಾಲು. ಆದರೂ 1996ರ ಹೊತ್ತಿಗೆ ಡೂಮ್ ಐದು ಕನ್ಸೋಲ್‌ಗಳಿಗೆ ಬಂದಾಗಿತ್ತು. ಏನೇನು ಬಿಟ್ಟರೂ ಡೂಮ್ ಡೂಮ್ ಆಗಿಯೇ ಉಳಿದೀತು ಎಂಬುದಕ್ಕೆ ಅದನ್ನು ಕನ್ಸೋಲ್‌ಗೆ ತಂದ ಒಬ್ಬೊಬ್ಬರದು ಒಂದೊಂದು ಲೆಕ್ಕಾಚಾರ.

ಕಾರ್ಟ್ರಿಡ್ಜ್‌ನಲ್ಲೇ ಇನ್ನೊಂದು ಪ್ರೊಸೆಸರ್

ಸೂಪರ್ ನಿಂಟೆಂಡೊ ಪರದೆಯನ್ನು ಪುಟ್ಟ ಪುಟ್ಟ ಚೌಕಗಳಾಗಿ ಜೋಡಿಸುವ ಯಂತ್ರ. ಡೂಮ್ ಗೋಡೆಗಳನ್ನು ಉದ್ದುದ್ದ ಪಟ್ಟಿಗಳಾಗಿ, ಪಿಕ್ಸೆಲ್ ಪಿಕ್ಸೆಲ್ ಬಿಡಿಸುವ ಗೇಮ್. ಎರಡಕ್ಕೂ ತಾಳಮೇಳವಿಲ್ಲ. 1995ರ ಆವೃತ್ತಿಯ ಪ್ರೋಗ್ರಾಮರ್ ರ‍್ಯಾಂಡಿ ಲಿಂಡೆನ್ ಅವರ ನೆರವಿಗೆ ಬಂದದ್ದು ಕಾರ್ಟ್ರಿಡ್ಜ್‌ನ ಒಳಗೇ ಕೂರಿಸಿದ ಸೂಪರ್ ಎಫ್‌ಎಕ್ಸ್ 2 ಚಿಪ್. ಐಡಿಯ ಮೂಲ ಕೋಡ್ ಬಳಸದೆ ಎಂಜಿನ್ನನ್ನು ಅವರು ಹೊಸದಾಗಿಯೇ ಬರೆದರು.

ಅಷ್ಟಾದರೂ ಕತ್ತರಿ ತಪ್ಪಲಿಲ್ಲ. ನೆಲ, ಚಾವಣಿಗಳ ಕಲ್ಲು-ಕಬ್ಬಿಣದ ವಿನ್ಯಾಸ ಹೋಗಿ ಬರೀ ಬಣ್ಣ ಉಳಿಯಿತು. 27 ಹಂತಗಳಲ್ಲಿ 22 ಮಾತ್ರ ಬಂದವು. ಆಟವನ್ನು ಸೇವ್ ಮಾಡುವಂತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ನಷ್ಟ ರಾಕ್ಷಸರ ಬೆನ್ನು! ಪಿಸಿಯಲ್ಲಿ ಪ್ರತಿ ರಾಕ್ಷಸನೂ ಎಂಟು ದಿಕ್ಕಿನಿಂದ ಬೇರೆ ಬೇರೆಯಾಗಿ ಕಾಣುತ್ತಾನೆ. ಬೆನ್ನು ಕಂಡರೆ ಅವನು ನಮ್ಮನ್ನು ಇನ್ನೂ ನೋಡಿಲ್ಲ ಎಂದರ್ಥ, ಮೊದಲ ಗುಂಡು ನಮ್ಮದು. ಇಲ್ಲಿ ಜಾಗ ಉಳಿಸಲು ಮುಂಭಾಗದ ಚಿತ್ರಗಳನ್ನಷ್ಟೇ ಇಟ್ಟರು. ಯಾವ ಮೂಲೆಯಿಂದ ನೋಡಿದರೂ ರಾಕ್ಷಸ ನಮ್ಮನ್ನೇ ದಿಟ್ಟಿಸುತ್ತಿರುತ್ತಾನೆ. ಹೊಂಚು ಹಾಕುವ ಸುಖ ಅಲ್ಲಿಗೆ ಮುಗಿಯಿತು.

ಹಾಗೆಂದು ಇದನ್ನು ತಳ್ಳಿಹಾಕುವಂತಿಲ್ಲ. ಇದರ ನಕ್ಷೆಗಳು ಮೂಲಕ್ಕೆ ಬಹಳ ಹತ್ತಿರ. ಕೊನೆಯ ಎರಡು ದೈತ್ಯರೂ ಇದ್ದಾರೆ, ಸಂಗೀತವೂ ಇದೆ.

ಜಾಗ್ವಾರ್, 32ಎಕ್ಸ್

1994ರ ಅಟಾರಿ ಜಾಗ್ವಾರ್ ಆವೃತ್ತಿಯನ್ನು ಸಿದ್ಧಪಡಿಸಿದವರು ಡೂಮ್‌ನ ಮುಖ್ಯ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಅವರೇ. ಅವರು ನೆಲದ ವಿನ್ಯಾಸ ಉಳಿಸಿಕೊಂಡರು, ನಕ್ಷೆಗಳನ್ನು ಸರಳಗೊಳಿಸಿದರು. ಧ್ವನಿಗೆಂದಿದ್ದ ಚಿಪ್ಪನ್ನು ಲೆಕ್ಕದ ಕೆಲಸಕ್ಕೆ ಹಚ್ಚಿದ್ದರಿಂದ ಆಡುವಾಗ ಸಂಗೀತವೇ ಇಲ್ಲ. ನನ್ನ ಮಟ್ಟಿಗೆ ಇದು ಜಾಣ ಆಯ್ಕೆ. ಡೂಮ್‌ನ ಜೀವ ಅದರ ವೇಗದಲ್ಲಿದೆ. ಹಾಡಿಲ್ಲದೆ ಆಡಬಹುದು, ತಡವರಿಸುತ್ತಾ ಆಡಲಾಗದು. ಅದೇ ವರ್ಷದ ಸೆಗಾ 32ಎಕ್ಸ್‌ನಲ್ಲಿ 17 ಹಂತಗಳು, ಸುತ್ತ ಚೌಕಟ್ಟು ಹಾಕಿ ಕಿರಿದಾಗಿಸಿದ ಚಿತ್ರ.

ಯಂತ್ರದ್ದಲ್ಲ, ಸಮಯದ ಕೊರತೆ

1996ರ 3ಡಿಒ ಆವೃತ್ತಿಯ ಕಥೆ ಬೇರೆ. ಪ್ರೋಗ್ರಾಮರ್ ರೆಬೆಕ್ಕಾ ಹೈನೆಮನ್ ಅವರಿಗೆ ಸಿಕ್ಕಿದ್ದು ಸುಮಾರು ಹತ್ತೇ ವಾರ. ಚಿತ್ರ ಸಣ್ಣ ಕಿಟಕಿಯಷ್ಟಾಯಿತು, ಆಟ ಎಳೆದಾಡಿತು. ಸಂಗೀತ ನುಡಿಸುವ ಕೋಡ್ ಬರೆಯಲು ಪುರುಸೊತ್ತಿಲ್ಲದೆ ಬ್ಯಾಂಡೊಂದರಿಂದ ಹಾಡುಗಳನ್ನು ನುಡಿಸಿ ರೆಕಾರ್ಡ್ ಮಾಡಿಸಿದರು. ವಿಚಿತ್ರವೆಂದರೆ, ಆ ಆವೃತ್ತಿಯಲ್ಲಿ ಜನ ಈಗಲೂ ಮೆಚ್ಚುವುದು ಆ ಹಾಡುಗಳನ್ನೇ.

ಪ್ಲೇಸ್ಟೇಷನ್

1995ರ ಪ್ಲೇಸ್ಟೇಷನ್ ಆವೃತ್ತಿ ಕಳೆದುಕೊಂಡದ್ದಕ್ಕೆ ಬದಲಾಗಿ ಹೊಸದನ್ನೂ ಕೊಟ್ಟಿತು. ಚಿತ್ರಗಳ ಸಂಖ್ಯೆ ತೀರಾ ಹೆಚ್ಚೆಂದು, ಮುಂದುವರಿದ ಭಾಗವಾದ 'ಡೂಮ್ 2'ರ ಆರ್ಚ್-ವೈಲ್ ರಾಕ್ಷಸನನ್ನು ಕೈಬಿಟ್ಟರು. ಆದರೆ ಕೋಣೆಗಳಿಗೆ ಬಣ್ಣದ ಬೆಳಕು ಬಂತು. ರಾಕ್ ಸಂಗೀತದ ಜಾಗದಲ್ಲಿ ಆಬ್ರಿ ಹಾಡ್ಜಸ್ ಅವರ ಗವ್ವೆನ್ನುವ, ಬೆದರಿಸುವ ಸದ್ದುಗಳು. ಹಳೆಯ ಕನ್ಸೋಲ್ ಡೂಮ್‌ಗಳಲ್ಲಿ ಒಂದನ್ನೇ ಆಡಿ ನೋಡುವುದಿದ್ದರೆ ಇದನ್ನೇ ಆರಿಸಿಕೊಳ್ಳಿ.